ಮದುವೆಗೆ ಮುಂಚಿನ ಒಪ್ಪಂದಕ್ಕೆ ಸಹಿ ಆಗಿದೆ, ಈಗ ಬದಲಾಯಿಸೋದು ಹೇಗೆ?

ಮೈಸೂರು, ಮಂಡ್ಯ ಕಡೆಯ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. "ಮದುವೆಗೆ ಮುಂಚೆ ಇಬ್ಬರೂ ಕೂತು ಪ್ರೀನಪ್ ಬರೆಸಿ ನೋಟರಿ ಮಾಡಿಸಿದ್ವಿ. ಈಗ ಮಗು ಆಗಿದೆ, ಸಾಲ ಮಾಡಿ ಮನೆ ಕಟ್ಟಿದ್ದೀವಿ. ಅದರಲ್ಲಿ ಬರೆದಿದ್ದು ಇವತ್ತಿಗೆ ಹೊಂದಲ್ಲ. ಬದಲಾಯಿಸಬಹುದಾ?"

ಪ್ರೀನಪ್ ಅಂದರೆ ಆಸ್ತಿ, ಸಾಲ, ಒಡವೆ ಯಾರದ್ದು ಅನ್ನೋದನ್ನೆಲ್ಲ ಮದುವೆಗೆ ಮುಂಚೆಯೇ ಬರೆದುಕೊಳ್ಳುವ ಒಪ್ಪಂದ. ಕೇಳುವವರಲ್ಲಿ ಮೂರು ಥರದವರಿದ್ದಾರೆ. ಗಂಡ ಹೆಂಡತಿ ಇಬ್ಬರೂ ಕಂಪನಿ ಕೆಲಸದಲ್ಲಿರುವವರು. ಎರಡನೇ ಮದುವೆ ಆಗಿ, ಮೊದಲ ಮದುವೆಯ ಮಕ್ಕಳಿಗೆ ಸೈಟು, ಮನೆ ಉಳಿಯಲಿ ಅಂತ ಬರೆಸಿಕೊಂಡವರು. ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ಸಹಿ ಹಾಕಿ ಈಗ ಊರಿಗೆ ವಾಪಸ್ ಬಂದವರು. ಮೂವರಿಗೂ ದಾರಿ ಸ್ವಲ್ಪ ಸ್ವಲ್ಪ ಬೇರೆ.

ಚಿಕ್ಕ ಉತ್ತರ ಇಷ್ಟೇ: ಇಬ್ಬರೂ ಒಪ್ಪಿದರೆ ಬದಲಾಯಿಸಬಹುದು. ಒಬ್ಬರು ಒಪ್ಪದಿದ್ದರೆ ಇನ್ನೊಬ್ಬರು ಒಂದಕ್ಷರವನ್ನೂ ತಿದ್ದುವ ಹಾಗಿಲ್ಲ. ಭಾರತೀಯ ಕರಾರು ಕಾಯ್ದೆ 1872ರ 62ನೇ ಕಲಂ ಪ್ರಕಾರ ಒಪ್ಪಂದ ಮಾಡಿಕೊಂಡವರೇ ಸೇರಿ ಅದನ್ನು ಬದಲಾಯಿಸಬಹುದು, ರದ್ದು ಮಾಡಬಹುದು, ಅದರ ಜಾಗದಲ್ಲಿ ಹೊಸದು ಮಾಡಿಕೊಳ್ಳಬಹುದು.

ಆದರೆ ಆ ಕಾಗದವನ್ನು ತಿದ್ದಿದ ಮಾತ್ರಕ್ಕೆ ಕೆಲಸ ಮುಗಿಯುವುದು ಅಪರೂಪ. ಅದರಲ್ಲಿರುವ ಕೆಲವು ಷರತ್ತುಗಳು ಹುಟ್ಟುವಾಗಲೇ ಸತ್ತಿರುತ್ತವೆ, ಅವನ್ನು ತಿದ್ದೋದೇ ವ್ಯರ್ಥ. ಇನ್ನು ಕೆಲವು ನಿಜವಾಗಿ ಬದಲಾಗಬೇಕಾದರೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲೋ, ಪಿಎಫ್ ಖಾತೆಯಲ್ಲೋ, ವಿಲ್‌ನಲ್ಲೋ ಬದಲಾಗಬೇಕು. ಹಾಗಾಗಿ ವಕೀಲರ ಹತ್ತಿರ ಓಡುವ ಮುಂಚೆ ಹಳೆಯ ಕಾಗದವನ್ನು ಬಿಡಿಸಿಟ್ಟುಕೊಂಡು ಒಂದೊಂದೇ ಷರತ್ತು ಓದಬೇಕು.

ನಮ್ಮಲ್ಲಿ ಈ ಒಪ್ಪಂದಕ್ಕೆ ಎಷ್ಟು ಬೆಲೆ?

ಹಿಂದೂ ವಿವಾಹ ಕಾಯ್ದೆ 1955ರಲ್ಲಿ ಪ್ರೀನಪ್ ಅನ್ನೋ ಮಾತೇ ಇಲ್ಲ. ಮಾಡಿಕೊಳ್ಳಬೇಡಿ ಅಂತಲೂ ಇಲ್ಲ, ಮಾಡಿಕೊಂಡರೆ ಜಾರಿ ಮಾಡುತ್ತೇವೆ ಅಂತಲೂ ಇಲ್ಲ. ಹಾಗಾಗಿ ಕೋರ್ಟು ಇದನ್ನು ಕರಾರು ಕಾಯ್ದೆಯ ಕಣ್ಣಿನಿಂದ ನೋಡುತ್ತದೆ. ಆ ಕಾಯ್ದೆಯ 23ನೇ ಕಲಂ ಪ್ರಕಾರ, ಸಾರ್ವಜನಿಕ ನೀತಿಗೆ ವಿರುದ್ಧವಾದ ಒಪ್ಪಂದಕ್ಕೆ ಬೆಲೆ ಇಲ್ಲ. ಸಾರ್ವಜನಿಕ ನೀತಿ ಅಂದರೆ, ಇಬ್ಬರು ಒಪ್ಪಿದರೂ ಸಮಾಜದ ಹಿತಕ್ಕೆ ಒಗ್ಗದ ವಿಷಯ. ಇದು ಹೊಸ ಮಾತೇನಲ್ಲ. ಅಳಿಯ ಯಾವಾಗಲೂ ಅತ್ತೆ ಮನೆಯಲ್ಲೇ ಇರಬೇಕು ಅನ್ನೋ ಮದುವೆ ಮುಂಚಿನ ಕರಾರು 1901ರಲ್ಲೇ ಕಲ್ಕತ್ತಾ ಹೈಕೋರ್ಟಿನ ಮುಂದೆ ಬಂದಿತ್ತು. ಅದು ನಡೆಯಲ್ಲ ಅಂದುಬಿಟ್ಟಿತು ಕೋರ್ಟು. ಮನೆ ಅಳಿಯತನಕ್ಕೆ ಬರಹದ ಗ್ಯಾರಂಟಿ ಕೇಳುವ ಹಿರಿಯರು ನಮ್ಮ ಕಡೆ ಈಗಲೂ ಇದ್ದಾರೆ, ಅವರಿಗೆ ಇದನ್ನು ಹೇಳಿ.

ಹಾಗಂತ ಇಡೀ ಕಾಗದ ಕಸ ಅಂತ ತಿಳಿಯಬೇಡಿ. ಯಾವ ಆಸ್ತಿ ಯಾರ ದುಡ್ಡಿನಲ್ಲಿ ಬಂತು, ಯಾವ ಸಾಲ ಯಾರದ್ದು, ಒಡವೆ ಯಾರ ಕಡೆಯಿಂದ ಬಂತು ಅನ್ನೋದಕ್ಕೆ ಅದು ಇಬ್ಬರೂ ಸಹಿ ಮಾಡಿದ ಪುರಾವೆ. ಜಗಳ ಬಂದ ದಿನ ಅದನ್ನು ಕೋರ್ಟು ನೋಡಬಹುದು.

ಗೋವಾದ ಕಥೆ ಪೂರ್ತಿ ಬೇರೆ. ಅಲ್ಲಿ ಪೋರ್ಚುಗೀಸ್ ಕಾಲದ ಸಿವಿಲ್ ಕಾನೂನಿನಿಂದ ಬಂದ ಪದ್ಧತಿ ಇದೆ. ಮದುವೆಗೆ ಮುಂಚಿನ ಒಪ್ಪಂದಕ್ಕೆ ಅಲ್ಲಿ ಪೂರ್ತಿ ಮಾನ್ಯತೆ ಉಂಟು, ಆದರೆ ಮದುವೆ ಆದಮೇಲೆ ಅದನ್ನು ಬದಲಾಯಿಸುವ ಹಾಗಿಲ್ಲ. ಗೋವಾ ಮೂಲದವರನ್ನು ಮದುವೆ ಆಗಿದ್ದರೆ ಮುಂದಿನ ಹಂತಗಳನ್ನು ಓದುವ ಮುಂಚೆ ಅಲ್ಲಿನ ವಕೀಲರನ್ನು ಕೇಳಿ.

ಕೈಯಲ್ಲಿ ಇರಬೇಕಾದ್ದು

ಮೂಲ ಒಪ್ಪಂದ, ಜೆರಾಕ್ಸ್ ಸಾಲದು. ಮದುವೆ ನೋಂದಣಿ ಪತ್ರ. ಇಬ್ಬರ ಆಧಾರ್, ಪ್ಯಾನ್. ಸೈಟು ಅಥವಾ ಮನೆ ಇದ್ದರೆ ಕ್ರಯಪತ್ರ, ಇ-ಖಾತಾ, ಇಸಿ. ಇಸಿ ಅಂದರೆ ಋಣಭಾರ ಪ್ರಮಾಣಪತ್ರ, ಆಸ್ತಿಯ ಮೇಲೆ ಯಾವ ಸಾಲ, ಯಾವ ವ್ಯವಹಾರ ನೋಂದಣಿ ಆಗಿದೆ ಅಂತ ತೋರಿಸುವ ಕಾಗದ. ಜಮೀನಾದರೆ ಪಹಣಿ. ಗೃಹಸಾಲ ಇದ್ದರೆ ಬ್ಯಾಂಕಿನ ಮಂಜೂರಾತಿ ಪತ್ರ. ಇನ್ಶೂರೆನ್ಸ್ ಪಾಲಿಸಿಗಳು, ಪಿಎಫ್ ನಾಮಿನಿ ವಿವರ. ಮೊದಲೇ ವಿಲ್ ಬರೆದಿದ್ದರೆ ಅದೂ ಬೇಕು.

ಹಂತ 1: ಷರತ್ತುಗಳನ್ನು ವಿಂಗಡಿಸಿ

ಜಾಸ್ತಿ ಸಮಯ ಇಲ್ಲೇ ಕೊಡಿ. ಒಪ್ಪಂದದ ಒಂದು ಜೆರಾಕ್ಸ್ ತೆಗೆದುಕೊಂಡು, ಪ್ರತಿ ಷರತ್ತಿನ ಪಕ್ಕದಲ್ಲಿ ಪೆನ್ಸಿಲ್‌ನಿಂದ ಅ, ಆ, ಇ ಅಂತ ಗುರುತು ಹಾಕುತ್ತಾ ಹೋಗಿ. ಮೂಲ ಪ್ರತಿಯ ಮೇಲೆ ಮಾತ್ರ ಏನೂ ಗೀಚಬೇಡಿ.

"ಅ" ಅಂದರೆ ಹುಟ್ಟುವಾಗಲೇ ಬೆಲೆ ಇಲ್ಲದ ಷರತ್ತು. ಇವು ಎಲ್ಲರ ಕಾಗದದಲ್ಲೂ ಒಂದೆರಡಾದರೂ ಇರುತ್ತವೆ, ಯಾಕೆಂದರೆ ಎಷ್ಟೋ ಜನ ಇಂಟರ್ನೆಟ್ಟಿನಿಂದ ಇಳಿಸಿಕೊಂಡ ವಿದೇಶಿ ನಮೂನೆಗೆ ಹೆಸರು ತುಂಬಿ ಸಹಿ ಹಾಕಿರುತ್ತಾರೆ.

ಜೀವನಾಂಶ ಕೇಳುವುದಿಲ್ಲ ಅಂತ ಬರೆದಿದ್ದರೆ ಅದು ನಡೆಯುವುದಿಲ್ಲ. ಈಗ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ, ಅಂದರೆ ಹಳೆಯ 125, ಕೊಡುವ ಹಕ್ಕನ್ನು ಮೊದಲೇ ಬರೆದುಕೊಟ್ಟು ಕಳೆದುಕೊಳ್ಳಲು ಆಗುವುದಿಲ್ಲ. ಮಗು ಯಾರ ಹತ್ತಿರ ಇರಬೇಕು ಅಂತ ಮಗು ಹುಟ್ಟುವ ಮುಂಚೆಯೇ ಬರೆದಿಟ್ಟರೂ ಅಷ್ಟೇ. ಕೋರ್ಟು ನೋಡುವುದು ಆ ಹೊತ್ತಿನಲ್ಲಿ ಮಗುವಿನ ಹಿತ ಯಾವುದರಲ್ಲಿದೆ ಅಂತ. ಮುಂದೆ ಕೋರ್ಟಿಗೇ ಹೋಗುವುದಿಲ್ಲ ಅಂತ ಬರೆದಿದ್ದರೆ ಕರಾರು ಕಾಯ್ದೆಯ 28ನೇ ಕಲಂ ಅಡ್ಡ ಬರುತ್ತದೆ. ಹುಡುಗಿ ಕಡೆಯವರು ಇಷ್ಟು ಚಿನ್ನ, ಇಂಥ ಕಾರು ಕೊಡತಕ್ಕದ್ದು ಅಂತ ಇದ್ದರಂತೂ ವರದಕ್ಷಿಣೆ ನಿಷೇಧ ಕಾಯ್ದೆ 1961ರ ಪ್ರಕಾರ ಅದು ಅಪರಾಧದ ಕಾಗದ. ಅದನ್ನು ತಿದ್ದಿ ಚೆಂದ ಮಾಡಲು ಹೋಗಬೇಡಿ, ನೇರವಾಗಿ ಕ್ರಿಮಿನಲ್ ವಕೀಲರ ಸಲಹೆ ತೆಗೆದುಕೊಳ್ಳಿ.

"ಗಂಡ ಸತ್ತ ಮೇಲೆ ಅವರ ಆಸ್ತಿಯಲ್ಲಿ ಪಾಲು ಕೇಳುವುದಿಲ್ಲ" ಅನ್ನೋ ಮಾತೂ ಇದೇ ಗುಂಪಿಗೆ ಸೇರುತ್ತದೆ. ಇನ್ನೂ ಬದುಕಿರುವವರ ಆಸ್ತಿಯಲ್ಲಿ ಮುಂದೆ ಬರಬಹುದಾದ ಪಾಲು ಬರೀ ನಿರೀಕ್ಷೆ. ಅದನ್ನು ಬಿಟ್ಟುಕೊಡಲಾಗದು, ಮಾರಲೂ ಆಗದು. ಆಸ್ತಿ ವರ್ಗಾವಣೆ ಕಾಯ್ದೆ 1882ರ 6ನೇ ಕಲಂ ಇದನ್ನು ಸ್ಪಷ್ಟವಾಗಿ ಹೇಳಿದೆ.

"ಆ" ಅಂದರೆ ಬೇರೆ ಕಡೆ, ಬೇರೆ ಪತ್ರದ ಮೂಲಕವೇ ಬದಲಾಗಬೇಕಾದ ಷರತ್ತು. ಸೈಟು, ಮನೆ, ಜಮೀನು, ಇನ್ಶೂರೆನ್ಸ್, ಪಿಎಫ್, ವಿಲ್ ಎಲ್ಲ ಇಲ್ಲಿಗೆ ಬರುತ್ತವೆ.

"ಇ" ಅಂದರೆ ನಿಮ್ಮಿಬ್ಬರ ನಡುವೆ ಒಂದು ತಿದ್ದುಪಡಿ ಪತ್ರ ಬರೆದುಕೊಂಡರೆ ಸಾಕಾಗುವಂಥದ್ದು. ಇಎಂಐ ಯಾರು ಕಟ್ಟಬೇಕು, ಜಂಟಿ ಖಾತೆಗೆ ಯಾರು ಎಷ್ಟು ಹಾಕಬೇಕು, ಮದುವೆಗೆ ಮುಂಚಿನ ಶಿಕ್ಷಣ ಸಾಲ ಯಾರದ್ದು, ಒಡವೆ ಪಟ್ಟಿ, ಕಾರು, ಎಫ್‌ಡಿ ಇಂಥವು.

ಹಂತ 2: ಇಬ್ಬರೂ ಲೆಕ್ಕ ಬಿಚ್ಚಿಡಿ

ಒಂದು ಭಾನುವಾರ ಬಿಡುವು ಮಾಡಿಕೊಂಡು ಇಬ್ಬರೂ ಇವತ್ತಿನ ಆಸ್ತಿ, ಸಾಲದ ಪಟ್ಟಿ ಬರೆಯಿರಿ. ಊರಿನಲ್ಲಿ ಅಣ್ಣನ ಸಾಲಕ್ಕೆ ಜಾಮೀನು ನಿಂತಿದ್ದರೆ ಅದನ್ನೂ ಬರೆಯಿರಿ. ಚಿಟ್ ಫಂಡ್, ಸೊಸೈಟಿ ಸಾಲ, ಕ್ರೆಡಿಟ್ ಕಾರ್ಡ್ ಬಾಕಿ ಏನನ್ನೂ ಬಿಡಬೇಡಿ. ಒಬ್ಬರು ಮುಚ್ಚಿಟ್ಟು ಸಹಿ ಮಾಡಿಸಿಕೊಂಡರೆ ಇನ್ನೊಬ್ಬರು ಮುಂದೆ "ನನಗೆ ಮೋಸ ಆಯ್ತು" ಅಂತ ಆ ತಿದ್ದುಪಡಿಯನ್ನೇ ಬೀಳಿಸಬಹುದು.

ಎಲ್ಲರೂ ಎಡವುವ ಜಾಗ ಪಿತ್ರಾರ್ಜಿತ. ಮಂಡ್ಯ ಜಿಲ್ಲೆಯಲ್ಲಿ ನಾಲೆ ಕೆಳಗಿನ ಜಮೀನು ಇನ್ನೂ ಅಪ್ಪ, ದೊಡ್ಡಪ್ಪಂದಿರ ಹೆಸರಿನಲ್ಲಿ ಜಂಟಿಯಾಗಿರುತ್ತದೆ. ವಿಭಾಗ ಆಗದ ಜಮೀನಿನಲ್ಲಿ ಇಂತಿಷ್ಟು ಗುಂಟೆ ಹೆಂಡತಿಗೆ ಅಂತ ಗಂಡ ಒಬ್ಬನೇ ಬರೆದುಕೊಟ್ಟರೆ ಅದು ನಿಲ್ಲುವುದು ಕಷ್ಟ. ಮೊದಲು ಮನೆಯವರ ಜೊತೆ ವಿಭಾಗ ಪತ್ರ ಆಗಲಿ, ಆಮೇಲೆ ಮಿಕ್ಕಿದ್ದು.

ಇದರ ಜೊತೆಗೇ ಹೆಣ್ಣುಮಕ್ಕಳು ಕೇಳುವ ಒಂದು ಪ್ರಶ್ನೆ ಇದೆ. "ಮದುವೆಗೆ ಮುಂಚೆ ಅಣ್ಣಂದಿರು ಬಿಳಿ ಹಾಳೆ ಮೇಲೆ ಪಾಲು ಬೇಡ ಅಂತ ಬರೆಸಿಕೊಂಡರು, ಈಗ ಏನು ಮಾಡಲಿ?" ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದಮೇಲೆ ಪಿತ್ರಾರ್ಜಿತದಲ್ಲಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕಿದೆ. 2020ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಗಟ್ಟಿ ಮಾಡಿತು. ಆ ಹಕ್ಕನ್ನು ಬಿಡಬೇಕಾದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಆಗಿರಬೇಕು. ನೋಂದಣಿ ಇಲ್ಲದ ಬಿಳಿ ಹಾಳೆಯಿಂದ ಜಮೀನಿನ ಹಕ್ಕು ಕೈಬಿಟ್ಟು ಹೋಗುವುದಿಲ್ಲ. ಸಬ್ ರಿಜಿಸ್ಟ್ರಾರ್ ಮುಂದೆ ಹೋಗಿ ಬೆರಳಚ್ಚು ಕೊಟ್ಟಿದ್ದರೆ ಮಾತು ಬೇರೆ, ಆಗ ಆ ಪತ್ರ ಹಿಡಿದುಕೊಂಡು ವಕೀಲರನ್ನು ನೋಡಲೇಬೇಕು.

ಹಂತ 3: ತಿದ್ದುಪಡಿಯೋ, ರದ್ದು ಮಾಡಿ ಹೊಸದೋ?

ಒಂದೆರಡು ಷರತ್ತು ಮಾತ್ರ ಬದಲಾಗಬೇಕಾದರೆ ತಿದ್ದುಪಡಿ ಪತ್ರ. ಅರ್ಧಕ್ಕಿಂತ ಜಾಸ್ತಿ ಬದಲಾಗುವುದಿದ್ದರೆ ಹಳೆಯದನ್ನು ರದ್ದಿಯಾತಿ ಪತ್ರದಿಂದ ರದ್ದು ಮಾಡಿ ಹೊಸದು ಬರೆಯಿರಿ. ತಿದ್ದುಪಡಿಗೆ ತಿದ್ದುಪಡಿ, ಅದಕ್ಕೊಂದು ಪೂರಕ ಪತ್ರ ಅಂತ ಪೋಣಿಸುತ್ತಾ ಹೋದರೆ ಕೊನೆಗೆ ಯಾವುದು ಜಾರಿಯಲ್ಲಿದೆ ಅಂತ ನಿಮಗೇ ಗೊತ್ತಾಗಲ್ಲ.

ಹಳೆಯ ಒಪ್ಪಂದದ ಕೊನೆಯ ಪುಟವನ್ನು ಒಮ್ಮೆ ನೋಡಿ. "ಈ ಒಪ್ಪಂದದ ಬದಲಾವಣೆ ಹೀಗೇ ಆಗಬೇಕು" ಅಂತ ಒಂದು ಸಾಲು ಸಾಮಾನ್ಯವಾಗಿ ಇರುತ್ತದೆ. ಇಬ್ಬರು ಸಾಕ್ಷಿ ಬೇಕು ಅಂದಿದ್ದರೆ ಇಬ್ಬರು ಸಾಕ್ಷಿ ಹಾಕಿಸಿ. ಹಳೆಯದು ನೋಂದಣಿ ಆಗಿದ್ದರೆ ತಿದ್ದುಪಡಿಯನ್ನೂ ನೋಂದಣಿ ಮಾಡಿಸಿ.

ವಾಟ್ಸಾಪ್‌ನಲ್ಲಿ "ಸರಿ ಬಿಡು, ಮನೆ ಇಬ್ಬರದ್ದೂ" ಅಂತ ಬರೆದುಕೊಂಡಿದ್ದನ್ನು ತಿದ್ದುಪಡಿ ಅಂತ ನಂಬಿ ಕೂರಬೇಡಿ.

ಹಂತ 4: ಬರವಣಿಗೆ

ಇಬ್ಬರಿಗೂ ಒಬ್ಬರೇ ವಕೀಲರು ಸಾಕು ಅಂತ ಅನ್ನಿಸುತ್ತದೆ. ಖರ್ಚು ಉಳಿಯುತ್ತದೆ ನಿಜ. ಆದರೂ ಇಬ್ಬರೂ ಬೇರೆ ಬೇರೆ ವಕೀಲರಿಗೆ ತೋರಿಸಿ ಅನ್ನೋದೇ ನನ್ನ ಸಲಹೆ. ಒಬ್ಬರು ಬರೆಯಲಿ, ಇನ್ನೊಬ್ಬರು ಓದಿ ಸರಿ ಅನ್ನಲಿ, ಅಷ್ಟು ಸಾಕು. "ನನಗೆ ಅರ್ಥ ಆಗಲಿಲ್ಲ, ಹೇಳಿದ ಕಡೆ ಸಹಿ ಹಾಕಿದೆ" ಅನ್ನೋ ತಕರಾರಿಗೆ ಆಮೇಲೆ ಜಾಗ ಇರುವುದಿಲ್ಲ. ಕನ್ನಡದಲ್ಲೇ ಬರೆಸಿಕೊಳ್ಳಬಹುದು, ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಇಬ್ಬರಲ್ಲಿ ಒಬ್ಬರಿಗೆ ಇಂಗ್ಲಿಷ್ ಸಲೀಸಲ್ಲದಿದ್ದರೆ ಕನ್ನಡದಲ್ಲೇ ಬರೆಸಿ.

ತಿದ್ದುಪಡಿ ಪತ್ರದಲ್ಲಿ ಮಾತು ಎಷ್ಟು ಬಿಗಿಯಾಗಿದ್ದರೆ ಅಷ್ಟು ಒಳ್ಳೆಯದು. ಹೀಗೆ ಬರೆದರೆ ಕೆಟ್ಟಿತು:

"ಇನ್ನು ಮುಂದೆ ಮನೆ ಸಾಲವನ್ನು ಇಬ್ಬರೂ ನೋಡಿಕೊಳ್ಳತಕ್ಕದ್ದು."

ನೋಡಿಕೊಳ್ಳೋದು ಅಂದರೇನು? ಅರ್ಧ ಅರ್ಧವೋ, ಆದಷ್ಟೋ? ಹೀಗಿರಲಿ:

"ನಮ್ಮ ನಡುವಿನ ಇಂಥ ದಿನಾಂಕದ ಒಪ್ಪಂದದ 4ನೇ ಷರತ್ತಿನಲ್ಲಿ 'ಗೃಹಸಾಲದ ಕಂತನ್ನು ಒಂದನೇ ಪಾರ್ಟಿಯವರು ಮಾತ್ರ ಕಟ್ಟತಕ್ಕದ್ದು' ಎಂದಿರುವುದನ್ನು ಇಬ್ಬರ ಒಪ್ಪಿಗೆಯಿಂದ ತೆಗೆದುಹಾಕಲಾಗಿದೆ. ಅದರ ಬದಲು 'ಗೃಹಸಾಲದ ಕಂತನ್ನು ಇಬ್ಬರೂ ಸಮಪಾಲಾಗಿ ಕಟ್ಟತಕ್ಕದ್ದು, ಪಾವತಿ ಇಂಥ ಜಂಟಿ ಖಾತೆಯಿಂದ ಆಗತಕ್ಕದ್ದು' ಎಂದು ಓದಿಕೊಳ್ಳತಕ್ಕದ್ದು. ಉಳಿದ ಷರತ್ತುಗಳು ಇದ್ದಂತೆಯೇ ಮುಂದುವರಿಯುತ್ತವೆ."

ಹಳೆಯ ದಿನಾಂಕ, ಷರತ್ತಿನ ನಂಬರು, ತೆಗೆದ ಮಾತು, ಸೇರಿಸಿದ ಮಾತು, ಉಳಿದದ್ದರ ಗತಿ. ಐದೂ ಇರಬೇಕು. "ಉಳಿದ ಷರತ್ತುಗಳು" ಅನ್ನೋ ಸಾಲನ್ನು ಬಿಡುವವರೇ ಜಾಸ್ತಿ.

ಕರಾರು ಕಾಯ್ದೆಯ ಇನ್ನೊಂದು ಸೂಕ್ಷ್ಮ ಇಲ್ಲಿದೆ. ಕರಾರು ಅಂದಮೇಲೆ ಎರಡೂ ಕಡೆಯಿಂದ ಏನಾದರೂ ಕೊಡು ಕೊಳ್ಳು ಇರಬೇಕು. ಕಾನೂನಿನಲ್ಲಿ ಇದಕ್ಕೆ ಪ್ರತಿಫಲ ಅನ್ನುತ್ತಾರೆ. ಮದುವೆಗೆ ಮುಂಚೆ ಬರೆದಾಗ ಮದುವೆಯೇ ಪ್ರತಿಫಲ ಆಗಿತ್ತು. ಈಗ ಮದುವೆ ಆಗಿಹೋಗಿದೆ. ಬದಲಾವಣೆಯಿಂದ ಒಬ್ಬರಿಗೆ ಮಾತ್ರ ಲಾಭ ಆಗುತ್ತಿದ್ದರೆ, ಇನ್ನೊಬ್ಬರಿಗೆ ಏನು ಸಿಕ್ಕಿತು ಅನ್ನೋ ಪ್ರಶ್ನೆ ಏಳುತ್ತದೆ. ಅದಕ್ಕೇ ಇಬ್ಬರೂ ಏನೇನು ಒಪ್ಪಿಕೊಳ್ಳುತ್ತಿದ್ದಾರೆ ಅಂತ ಎರಡೂ ಕಡೆಯ ಮಾತು ಬರೆಯಿರಿ. ನಿಜಕ್ಕೂ ಒಬ್ಬರೇ ಪ್ರೀತಿಯಿಂದ ಕೊಡುತ್ತಿದ್ದರೆ 25ನೇ ಕಲಂ ಅದಕ್ಕೂ ದಾರಿ ಇಟ್ಟಿದೆ: ಹತ್ತಿರದ ಸಂಬಂಧ, ಪ್ರೀತಿ ವಿಶ್ವಾಸ, ಬರಹ, ಮತ್ತು ನೋಂದಣಿ. ನಾಲ್ಕೂ ಬೇಕು. ಬರೀ ನೋಟರಿ ಆಗಿದ್ದರೆ ನಾಲ್ಕನೆಯದು ತಪ್ಪಿದಂತೆ.

ಒಡವೆ ಬಗ್ಗೆ ಬರೆಯುವಾಗ "ಹೆಂಡತಿಯ ಎಲ್ಲ ಚಿನ್ನ" ಅಂತ ಬರೆಯಬೇಡಿ. ವರದಕ್ಷಿಣೆ ನಿಷೇಧ ಕಾಯ್ದೆಯಡಿ 1985ರಲ್ಲಿ ಬಂದ ನಿಯಮಗಳು ಮದುವೆಯ ಉಡುಗೊರೆಗಳಿಗೆ ಪಟ್ಟಿ ಮಾಡಿ ಅನ್ನುತ್ತವೆ. ವಸ್ತು ಏನು, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ಅವರು ಏನಾಗಬೇಕು, ಕೊನೆಗೆ ಇಬ್ಬರ ಸಹಿ. ಈ ಪಟ್ಟಿಯನ್ನು ಮಾಡಿಟ್ಟವರು ಕಡಿಮೆ. ತಿದ್ದುಪಡಿ ಬರೆಯುವ ನೆಪದಲ್ಲಾದರೂ ಒಂದು ಪಟ್ಟಿ ಮಾಡಿ ಜೊತೆಗೆ ಲಗತ್ತಿಸಿ. "ಮಾಂಗಲ್ಯ ಸರ, 32 ಗ್ರಾಂ, ಹುಡುಗಿಯ ಸೋದರಮಾವ ಕೊಟ್ಟದ್ದು" ಅನ್ನೋ ಮಟ್ಟಕ್ಕೆ ಇರಲಿ. ಸ್ತ್ರೀಧನ, ಅಂದರೆ ಹೆಂಡತಿಗೆ ಅಂತ ಬಂದ ಒಡವೆ, ಉಡುಗೊರೆ, ಅವಳದ್ದೇ. ತಿದ್ದುಪಡಿಯ ಹೆಸರಿನಲ್ಲಿ ಅದನ್ನು "ಕುಟುಂಬದ ಆಸ್ತಿ" ಅಂತ ಸೇರಿಸಲು ಯಾರಾದರೂ ಹೇಳಿದರೆ ಸಹಿ ಹಾಕಬೇಡಿ.

ಹಂತ 5: ಸ್ಟಾಂಪು, ಸಹಿ, ನೋಟರಿ

ಕರ್ನಾಟಕದಲ್ಲಿ ಇ-ಸ್ಟಾಂಪ್ ತೆಗೆದುಕೊಳ್ಳಿ. ಒಂದನೇ ಪಾರ್ಟಿ, ಎರಡನೇ ಪಾರ್ಟಿ ಹೆಸರು ಆಧಾರ್‌ನಲ್ಲಿ ಇದ್ದ ಹಾಗೇ ಬರಲಿ. ಎಷ್ಟು ರೂಪಾಯಿಯದ್ದು ಅಂತ ಆ ದಿನದ ದರ ನೋಡಿ ಕೊಳ್ಳಿ, ದರ ಬದಲಾಗುತ್ತಾ ಇರುತ್ತದೆ. ಕಡಿಮೆ ಸ್ಟಾಂಪಿನ ಮೇಲೆ ಬರೆದರೆ ಆ ಕ್ಷಣಕ್ಕೆ ಯಾರೂ ಕೇಳಲ್ಲ. ಕೋರ್ಟಿನಲ್ಲಿ ಹಾಜರುಪಡಿಸಿದ ದಿನ ಬಾಕಿ ಶುಲ್ಕದ ಜೊತೆ ಅದರ 10 ಪಟ್ಟು ದಂಡ ಕಟ್ಟಿ ಅನ್ನುತ್ತಾರೆ. ಅಲ್ಲಿಯವರೆಗೆ ಕಾಗದವನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ.

ಹಿಂದಿನ ದಿನಾಂಕ ಹಾಕಿ ಬರೆಯಬೇಡಿ. "ಮದುವೆ ಮುಂಚಿನ ತಾರೀಖೇ ಹಾಕಿಬಿಡೋಣ, ಯಾರಿಗೆ ಗೊತ್ತಾಗುತ್ತೆ" ಅನ್ನುವವರು ಸಿಗುತ್ತಾರೆ. ಇ-ಸ್ಟಾಂಪಿನ ಮೇಲೆ ತೆಗೆದ ದಿನ, ಗಂಟೆ ಎಲ್ಲ ಅಚ್ಚಾಗಿರುತ್ತದೆ. ಹಳೆಯ ಸ್ಟಾಂಪ್ ಪೇಪರ್ ಹುಡುಕಿ ತಂದರೆ ಅದು ಇನ್ನೂ ದೊಡ್ಡ ತಪ್ಪು.

ನೋಟರಿ ಮುಂದೆ ಇಬ್ಬರೂ ಖುದ್ದಾಗಿ ಕೂರಬೇಕು. ಪ್ರತಿ ಪುಟಕ್ಕೂ ಇಬ್ಬರ ಸಹಿ, ತಿದ್ದಿದ ಕಡೆ ಪಕ್ಕದಲ್ಲೇ ಚಿಕ್ಕ ಸಹಿ, ಕೊನೆಯಲ್ಲಿ ಇಬ್ಬರು ಸಾಕ್ಷಿಗಳ ಹೆಸರು, ವಿಳಾಸ. ನೋಟರಿ ತಮ್ಮ ರಿಜಿಸ್ಟರಿನಲ್ಲಿ ಬರೆದುಕೊಂಡು ಅದರ ಕ್ರಮಸಂಖ್ಯೆಯನ್ನು ನಿಮ್ಮ ಪತ್ರದ ಮೇಲೆ ಹಾಕುತ್ತಾರೆ. ಆ ನಂಬರು ಕೇಳಿ ಹಾಕಿಸಿಕೊಳ್ಳಿ. "ಯಜಮಾನರು ಬರದಿದ್ದರೂ ಪರವಾಗಿಲ್ಲ, ಸಹಿ ಮಾಡಿಸಿ ತನ್ನಿ" ಅನ್ನುವ ಕಡೆಯಿಂದ ಎದ್ದು ಬನ್ನಿ. ಇಬ್ಬರ ಅಪ್ಪ ಅಮ್ಮಂದಿರನ್ನೇ ಸಾಕ್ಷಿ ಹಾಕಿಸುವುದಕ್ಕಿಂತ ಇಬ್ಬರಿಗೂ ಗೊತ್ತಿರುವ ಸ್ನೇಹಿತರೋ ಸಹೋದ್ಯೋಗಿಯೋ ವಾಸಿ.

ನೋಟರಿ ಅಂದರೆ ಸಹಿ ನಿಮ್ಮದೇ ಅನ್ನೋದಕ್ಕೆ ಸಾಕ್ಷಿ, ಅಷ್ಟೇ. ನೋಟರಿ ಮುದ್ರೆ ಬಿದ್ದ ಮಾತ್ರಕ್ಕೆ "ಅ" ಗುಂಪಿನ ಷರತ್ತಿಗೆ ಜೀವ ಬರಲ್ಲ, ಮನೆಯ ಹಕ್ಕೂ ಬದಲಾಗಲ್ಲ.

ಹಂತ 6: "ಆ" ಗುಂಪನ್ನು ಅದರದ್ದರದ್ದೇ ಜಾಗದಲ್ಲಿ ಬದಲಾಯಿಸಿ

ನಿಜವಾದ ಬದಲಾವಣೆ ಆಗುವುದು ಇಲ್ಲಿ. ಮೊದಲು ಸೈಟು, ಮನೆ. 100 ರೂಪಾಯಿ ಮತ್ತು ಅದಕ್ಕಿಂತ ಜಾಸ್ತಿ ಬೆಲೆಯ ಸ್ಥಿರಾಸ್ತಿಯ ಹಕ್ಕು ಕೊಡಬೇಕಾದರೆ, ಬಿಡಬೇಕಾದರೆ ನೋಂದಣಿ ಕಾಯ್ದೆ 1908ರ 17ನೇ ಕಲಂ ಪ್ರಕಾರ ನೋಂದಣಿ ಕಡ್ಡಾಯ. ಗಂಡನ ಹೆಸರಿನ ಮೂಡಾ ಸೈಟಿನಲ್ಲಿ ಹೆಂಡತಿಗೂ ಅರ್ಧ ಸೇರಬೇಕು ಅಂದರೆ ಆ ಅರ್ಧಕ್ಕೆ ದಾನಪತ್ರ ಆಗಬೇಕು. ಇಬ್ಬರ ಹೆಸರಿನಲ್ಲಿರುವುದು ಒಬ್ಬರಿಗೆ ಹೋಗಬೇಕಾದರೆ ಹಕ್ಕು ಬಿಡುಗಡೆ ಪತ್ರ. ಕುಟುಂಬದವರ ನಡುವಿನ ದಾನಪತ್ರಕ್ಕೆ ಕರ್ನಾಟಕದಲ್ಲಿ ರಿಯಾಯಿತಿ ಸ್ಟಾಂಪ್ ಶುಲ್ಕ ಇದೆ. ಹಾಗಾಗಿ ಹೊರಗಿನವರಿಗೆ ಮಾರಿದಷ್ಟು ಖರ್ಚು ಬರಲ್ಲ.

ಕಾವೇರಿ 2.0 ತಾಣದಲ್ಲಿ ವಿವರ ತುಂಬಿ, ಶುಲ್ಕ ಕಟ್ಟಿ, ದಿನ ಗೊತ್ತು ಮಾಡಿಕೊಂಡು ಹೋಗುವ ವ್ಯವಸ್ಥೆ ಈಗ ಇದೆ. ನಗರದ ಆಸ್ತಿಗೆ ಇ-ಖಾತಾ ಇಲ್ಲದೆ ಮುಂದೆ ಹೋಗಲು ಆಗುವುದಿಲ್ಲ, ಅದನ್ನೇ ಮೊದಲು ಮಾಡಿಸಿ. ಪತ್ರಕ್ಕೆ ಸಹಿ ಮಾಡಿದ ದಿನದಿಂದ 4 ತಿಂಗಳ ಒಳಗೆ ನೋಂದಣಿಗೆ ಹಾಜರುಪಡಿಸಬೇಕು. ಗೃಹಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರ ಇಲ್ಲದೆ ಏನೂ ಮಾಡಬೇಡಿ, ಮೂಲ ಪತ್ರಗಳು ಅವರ ಹತ್ತಿರವೇ ಇರುತ್ತವಲ್ಲ.

ಎರಡು ಎಚ್ಚರ. ದಾನಪತ್ರ ಒಮ್ಮೆ ನೋಂದಣಿ ಆಗಿ, ಪಡೆದವರು ಒಪ್ಪಿಕೊಂಡರೆ ಮನಸ್ಸು ಬದಲಾಯಿತು ಅಂತ ವಾಪಸ್ ತೆಗೆದುಕೊಳ್ಳಲು ಬರಲ್ಲ. ಹಾಗಾಗಿ "ಸದ್ಯಕ್ಕೆ ಕೊಟ್ಟಿರೋಣ, ಆಮೇಲೆ ನೋಡೋಣ" ಅನ್ನೋ ಲೆಕ್ಕ ಇಲ್ಲಿ ಬೇಡ. ಎರಡನೆಯದು ತೆರಿಗೆ. ಗಂಡ ಹೆಂಡತಿ ನಡುವಿನ ಉಡುಗೊರೆಗೆ ತೆರಿಗೆ ಇಲ್ಲ. ಆದರೆ ಹಾಗೆ ಕೊಟ್ಟ ಮನೆಯಿಂದ ಬರುವ ಬಾಡಿಗೆಯನ್ನು ಕೊಟ್ಟವರ ಆದಾಯಕ್ಕೇ ಸೇರಿಸುತ್ತಾರೆ. ಆಡಿಟರ್ ಹತ್ತಿರ ಒಂದು ಮಾತು ಕೇಳಿ.

ವಿಲ್ ಎರಡನೇ ಮದುವೆಯವರಿಗೆ ಪ್ರೀನಪ್‌ಗಿಂತ ಎಷ್ಟೋ ಪಾಲು ಉಪಯೋಗದ ಕಾಗದ. ಹಿಂದೂ ಉತ್ತರಾಧಿಕಾರ ಕಾಯ್ದೆ 1956ರ ಪ್ರಕಾರ ಗಂಡ ವಿಲ್ ಬರೆಯದೆ ತೀರಿಕೊಂಡರೆ ಹೆಂಡತಿ, ಅವನ ಎಲ್ಲ ಮಕ್ಕಳು, ಅವನ ತಾಯಿ ಸಮಪಾಲಿನ ಮೊದಲ ವರ್ಗದ ವಾರಸುದಾರರು. ಹೆಂಡತಿಯ ಮೊದಲ ಮದುವೆಯ ಮಕ್ಕಳು ಈ ಪಟ್ಟಿಯಲ್ಲಿ ಇಲ್ಲ, ಎಷ್ಟೇ ಪ್ರೀತಿಯಿಂದ ಸಾಕಿದ್ದರೂ ಇಲ್ಲ. ಅವರಿಗೆ ಏನಾದರೂ ಸೇರಬೇಕಾದರೆ ವಿಲ್‌ನಲ್ಲಿ ಹೆಸರಿಸಲೇಬೇಕು. ಪ್ರೀನಪ್‌ನಲ್ಲಿ ಬರೆದ "ಮೈಸೂರಿನ ಮನೆ ಮೊದಲ ಮದುವೆಯ ಮಕ್ಕಳಿಗೆ" ಅನ್ನೋ ಸಾಲನ್ನು ತಿದ್ದುತ್ತಾ ಕೂರುವ ಬದಲು ಹೊಸ ವಿಲ್ ಬರೆಯಿರಿ. ಬಿಳಿ ಹಾಳೆ ಸಾಕು, ಸ್ಟಾಂಪು ಬೇಡ, ನೋಂದಣಿ ಕಡ್ಡಾಯ ಅಲ್ಲ, ಆದರೆ ಇಬ್ಬರು ಸಾಕ್ಷಿ ಬೇಕೇ ಬೇಕು. ಪಾಲು ಪಡೆಯುವವರನ್ನೇ ಸಾಕ್ಷಿ ಹಾಕಬೇಡಿ. ಕ್ರೈಸ್ತ ಓದುಗರು ಇನ್ನೊಂದು ವಿಷಯ ಗಮನಿಸಬೇಕು: ಮದುವೆಗೆ ಮುಂಚೆ ಬರೆದ ವಿಲ್ ಮದುವೆಯ ಜೊತೆಗೇ ರದ್ದಾಗುತ್ತದೆ. ಹಿಂದೂಗಳಿಗೆ ಹಾಗಾಗಲ್ಲ, ಹಳೆಯ ವಿಲ್ ಹಾಗೇ ಉಳಿಯುತ್ತದೆ. ಎಷ್ಟೋ ಸಲ ತೊಂದರೆ ಶುರುವಾಗುವುದು ಆ ಹಳೆಯ ವಿಲ್‌ನಿಂದಲೇ.

ಪಿಎಫ್ ವಿಷಯದಲ್ಲಿ, ಮದುವೆಗೆ ಮುಂಚೆ ಮಾಡಿದ ನಾಮಿನಿ ಮದುವೆ ಆದಮೇಲೆ ಊರ್ಜಿತವಲ್ಲ. ಹೊಸದಾಗಿ ತುಂಬಿ. ಇನ್ಶೂರೆನ್ಸ್‌ನಲ್ಲಿ ನಾಮಿನಿ ಬದಲಾಯಿಸುವುದು ಸುಲಭ, ಒಂದು ಫಾರಂ ಅಷ್ಟೇ. ಆದರೆ ಪಾಲಿಸಿ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆ 1874ರ ಅಡಿ ತೆಗೆದುಕೊಂಡಿದ್ದರೆ ಅದು ಹೆಂಡತಿ ಮಕ್ಕಳಿಗಾಗಿ ಇಟ್ಟ ಟ್ರಸ್ಟ್ ಇದ್ದ ಹಾಗೆ. ಗಂಡ ಇಷ್ಟ ಬಂದ ಹಾಗೆ ಹೆಸರು ಬದಲಾಯಿಸಲು ಆಗಲ್ಲ, ನೀವಿಬ್ಬರು ಬರೆದುಕೊಂಡ ತಿದ್ದುಪಡಿಗೂ ಅದು ಜಗ್ಗಲ್ಲ.

ಮುಸ್ಲಿಂ ಓದುಗರಿಗೆ ನಿಕಾಹ್‌ನಾಮಾವೇ ಕರಾರು. ಅದರಲ್ಲಿ ಗೊತ್ತು ಮಾಡಿದ ಮೆಹರ್ ಮೊತ್ತವನ್ನು ಗಂಡ ಮದುವೆ ಆದಮೇಲೂ ಹೆಚ್ಚಿಸಬಹುದು. ಹೆಂಡತಿ ತನ್ನ ಸ್ವಂತ ಇಚ್ಛೆಯಿಂದ ಪೂರ್ತಿಯಾಗಿಯೋ ಸ್ವಲ್ಪವೋ ಬಿಟ್ಟುಕೊಡಬಹುದು. ಎರಡನ್ನೂ ಬರಹದಲ್ಲಿ, ಸಾಕ್ಷಿಗಳ ಮುಂದೆ ಮಾಡಿ. ಒತ್ತಾಯದಿಂದ ಬಿಡಿಸಿಕೊಂಡಿದ್ದು ನಿಲ್ಲಲ್ಲ.

ಹಂತ 7: ವಿದೇಶದಲ್ಲಿ ಸಹಿ ಆದದ್ದಾದರೆ

ಅಲ್ಲಿನ ಕಾಗದಕ್ಕೆ ಅಲ್ಲಿನ ನಿಯಮ. ಕ್ಯಾಲಿಫೋರ್ನಿಯಾದಲ್ಲಿ ಮದುವೆ ಆದಮೇಲೆ ಬದಲಾಯಿಸಲು ಇಬ್ಬರೂ ಸಹಿ ಮಾಡಿದ ಬರಹ ಬೇಕು, ಪ್ರತಿಫಲ ಬೇಕಿಲ್ಲ. ನ್ಯೂಯಾರ್ಕ್‌ನಲ್ಲಿ ಸಹಿಯ ಜೊತೆಗೆ, ಆಸ್ತಿ ಪತ್ರಕ್ಕೆ ಮಾಡುವಂಥದ್ದೇ ಅಧಿಕೃತ ದೃಢೀಕರಣ ಆಗಬೇಕು. ಅದೊಂದು ತಪ್ಪಿದ್ದಕ್ಕೇ ಒಪ್ಪಂದಗಳು ಅಲ್ಲಿನ ಕೋರ್ಟಿನಲ್ಲಿ ಬಿದ್ದುಹೋಗಿವೆ. ಕೆನಡಾದ ಒಂಟಾರಿಯೊದಲ್ಲಿ ಬರಹ, ಸಹಿ, ಸಾಕ್ಷಿ ಮೂರೂ ಬೇಕು. ಆಸ್ಟ್ರೇಲಿಯಾದಲ್ಲಂತೂ ತಿದ್ದುವುದೇ ಇಲ್ಲ. ಹಳೆಯದನ್ನು ಬರಹದ ಮೂಲಕ ಕೊನೆಗೊಳಿಸಿ ಹೊಸದು ಮಾಡಬೇಕು, ಅದಕ್ಕೆ ಇಬ್ಬರೂ ಬೇರೆ ಬೇರೆ ವಕೀಲರ ಸಲಹೆ ತೆಗೆದುಕೊಂಡಿರಲೇಬೇಕು.

ನೀವು ಮೈಸೂರಿನಲ್ಲಿ ಕೂತು ಅಂಥ ಕಾಗದಕ್ಕೆ ಸಹಿ ಹಾಕುವುದಾದರೆ ನೋಟರಿ ಆದಮೇಲೆ ಅಪೊಸ್ಟಿಲ್ ಬೇಕಾಗಬಹುದು. ಅಪೊಸ್ಟಿಲ್ ಅಂದರೆ ನಮ್ಮ ದೇಶದ ದಾಖಲೆಯನ್ನು ಹೊರದೇಶದಲ್ಲಿ ನಂಬಲು ವಿದೇಶಾಂಗ ಸಚಿವಾಲಯ ಹಾಕುವ ದೃಢೀಕರಣ. ಅದಕ್ಕೆ ಮುಂಚೆ ರಾಜ್ಯ ಮಟ್ಟದ ದೃಢೀಕರಣ ಆಗಿರಬೇಕು, ಹಾಗಾಗಿ ಕೈಯಲ್ಲಿ ಸಮಯ ಇಟ್ಟುಕೊಂಡು ಶುರು ಮಾಡಿ. ತಿರುಗಾ ಮುರುಗಾ, ಅಲ್ಲಿ ಸಹಿ ಆದ ಕಾಗದವನ್ನು ಇಲ್ಲಿ ಬಳಸಬೇಕಾದರೆ ಅದು ಭಾರತಕ್ಕೆ ಬಂದು ಸೇರಿದ 3 ತಿಂಗಳ ಒಳಗೆ ಇಲ್ಲಿನ ಸ್ಟಾಂಪ್ ಶುಲ್ಕ ಕಟ್ಟಬೇಕು. ಇದು ಗೊತ್ತಿಲ್ಲದೆ ಪೆಟ್ಟಿಗೆಯಲ್ಲಿಟ್ಟು ಮರೆಯುವವರೇ ಜಾಸ್ತಿ. ಇನ್ನೊಂದು: ಅಮೆರಿಕದ ಪ್ರೀನಪ್‌ನಲ್ಲಿ ಮೈಸೂರಿನ ಸೈಟಿನ ಬಗ್ಗೆ ಏನೇ ಬರೆದಿದ್ದರೂ ಇಲ್ಲಿ ಹಕ್ಕು ಬದಲಾಗುವುದು ಹಂತ 6ರ ದಾರಿಯಲ್ಲೇ.

ಇನ್ನೊಬ್ಬರು ಒಪ್ಪದಿದ್ದರೆ?

ಆಗ ತಿದ್ದುಪಡಿ ಅನ್ನೋ ಮಾತೇ ಇಲ್ಲ. ಆದರೆ ಮೊದಲು ಸಹಿ ಹಾಕಿದ್ದೇ ಒತ್ತಾಯದಿಂದಲೋ ಮೋಸದಿಂದಲೋ ಆಗಿದ್ದರೆ, ಆ ಪತ್ರವನ್ನು ರದ್ದು ಮಾಡಿ ಅಂತ ನಿರ್ದಿಷ್ಟ ಪರಿಹಾರ ಕಾಯ್ದೆ 1963ರ 31ನೇ ಕಲಂ ಅಡಿ ದಾವೆ ಹಾಕಬಹುದು. ವಿಷಯ ಗೊತ್ತಾದ ದಿನದಿಂದ 3 ವರ್ಷ ಗಡುವು. ಛತ್ರದಲ್ಲಿ ವರಪೂಜೆ ದಿನ, ನೆಂಟರೆಲ್ಲ ಬಂದು ಕೂತಿರುವಾಗ ತಂದು "ಇಲ್ಲೊಂದು ಸಹಿ ಹಾಕಿಬಿಡಮ್ಮ" ಅಂದಿದ್ದರೆ, ಆ ಸಂದರ್ಭವನ್ನು ಅಲ್ಲಿದ್ದವರ ಹೆಸರಿನ ಸಮೇತ ಇವತ್ತೇ ಬರೆದಿಡಿ. ಮದುವೆ ಫೋಟೋ, ವಿಡಿಯೊದಲ್ಲಿ ದಿನ, ಸಮಯ ಇದ್ದರೆ ಅದನ್ನೂ ಜೋಪಾನ ಮಾಡಿ.

ಸಂಬಂಧ ಹಳಸುತ್ತಿದೆ ಅನ್ನಿಸಿದರೆ ಹೊಸ ತಿದ್ದುಪಡಿಗೆ ಸಹಿ ಹಾಕಲು ಆತುರ ಬೇಡ. ಆ ಹೊತ್ತಿನಲ್ಲಿ ಮಧ್ಯಸ್ಥಿಕೆ ಒಳ್ಳೆಯ ದಾರಿ. ಕೌಟುಂಬಿಕ ನ್ಯಾಯಾಲಯದಲ್ಲಿ ಕೇಸು ಇದ್ದರೆ ರಾಜಿಯನ್ನು ಅಲ್ಲೇ ದಾಖಲು ಮಾಡಿಸಿ. ಕೋರ್ಟು ದಾಖಲು ಮಾಡಿಕೊಂಡ ರಾಜಿಗೆ ಇರುವ ಬಲ ನೀವು ಮನೆಯಲ್ಲಿ ಬರೆದುಕೊಂಡ ಕಾಗದಕ್ಕೆ ಇರುವುದಿಲ್ಲ.

ವಕೀಲರ ಫೀಜು ಕೊಡಲು ಕಷ್ಟ ಅನ್ನುವವರಿಗೆ ಮೈಸೂರಿನಲ್ಲೂ ಮಂಡ್ಯದಲ್ಲೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ. ಫೋನ್ ಮಾಡುವುದಾದರೆ 15100. ಹೋಗುವಾಗ ಮೂಲ ಒಪ್ಪಂದದ ಜೊತೆಗೆ ನೀವು ಅ, ಆ, ಇ ಗುರುತು ಹಾಕಿದ ಜೆರಾಕ್ಸನ್ನೂ ತೆಗೆದುಕೊಂಡು ಹೋಗಿ.